ಹಸಿರುಮನೆ: ಹೆಸರು ಒಂದು, ಅರ್ಥ ಎರಡು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಳೆದ ಮಹಾಸಭೆಯಲ್ಲಿ ಹಸಿರುಮನೆಗೆ ಸಾಲ ಕೊಡುವ ಮಾತು ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಅಲ್ಲ ಸ್ವಾಮಿ, ಹಸಿರುಮನೆಯಿಂದಲೇ ಭೂಮಿ ಕಾಯ್ತಾ ಇದೆ ಅಂತ ರೇಡಿಯೋದಲ್ಲಿ ಹೇಳ್ತಾರೆ. ಅದಕ್ಕೇ ಸಾಲ ಕೊಡೋದಾ?" ಎಂದು ಕೇಳಿದರು. ಕೆಲವರು ನಕ್ಕರು. ಆದರೆ ಉತ್ತರ ನಮಗ್ಯಾರಿಗೂ ಥಟ್ಟನೆ ಹೊಳೆಯಲಿಲ್ಲ. ಸಾಲದ ತೀರ್ಮಾನವೂ ಮುಂದಕ್ಕೆ ಹೋಯಿತು. ಆ ಪ್ರಶ್ನೆಗೆ ಇಂದು ಉತ್ತರ ಹೇಳಬಯಸುತ್ತೇವೆ.

ಹಸಿರುಮನೆ ಎಂದರೆ ಹಸಿರು ಬಣ್ಣದ ಮನೆಯಲ್ಲ, ಹಸಿರನ್ನು ಬೆಳೆಸುವ ಮನೆ. ಚಳಿದೇಶಗಳಲ್ಲಿ ಗಿಡಗಳನ್ನು ಹಿಮದಿಂದ ಕಾಯಲು ಗಾಜಿನಿಂದ ಕಟ್ಟಿದರು. ಬಿಸಿಲು ಒಳಗೆ ಬರುತ್ತದೆ, ಕಾದ ಗಾಳಿ ಹೊರಗೆ ಹೋಗದು. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗಿನ ಗಾಜಿನ ಮನೆಯೂ ಇದರ ಬಂಧುವೇ. ನಮ್ಮಲ್ಲಿ ಹಿಮದ ಭಯವಿಲ್ಲ. ಜೋರು ಮಳೆ, ಸುಡುಬಿಸಿಲು, ಕೀಟಗಳದೇ ಕಾಟ. ಆದ್ದರಿಂದ ಕಬ್ಬಿಣದ ಪೈಪುಗಳ ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಾಳಿಯಾಡಲು ಪಕ್ಕಕ್ಕೆ ಬಲೆ ಕಟ್ಟಿ, ದೊಣ್ಣೆಮೆಣಸಿನಕಾಯಿ, ಜರ್ಬೆರಾ ಹೂ ಬೆಳೆಯುತ್ತಾರೆ.

ರೇಡಿಯೋದವರು ಹೇಳುವುದು ಈ ಮನೆಯನ್ನಲ್ಲ. ಅದು ಬರೀ ಹೋಲಿಕೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದವು ಭೂಮಿ ಹೊರಬಿಡುವ ಶಾಖವನ್ನು ಹೀರಿ, ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ ಇದೆ. ಕಂಬಳಿ ಬೇಕೇ ಬೇಕು. ಆದರೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಅದನ್ನು ದಪ್ಪ ಮಾಡಿದ್ದೇವೆ. 1750ರ ಹೊತ್ತಿಗೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

ಇದರಲ್ಲಿ ನಮ್ಮ ಪಾಲೂ ಉಂಟು. ಗದ್ದೆಯಲ್ಲಿ ಸದಾ ನೀರು ನಿಂತರೆ ಮೀಥೇನ್ ಏಳುತ್ತದೆ. ಯೂರಿಯಾ ಹೆಚ್ಚಾದರೆ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ನಡುನಡುವೆ ಗದ್ದೆ ಆರಲು ಬಿಟ್ಟು, ಮಣ್ಣು ಪರೀಕ್ಷೆ ಮಾಡಿಸಿ ಅಳತೆಯಾಗಿ ಗೊಬ್ಬರ ಹಾಕಿದರೆ ನೀರೂ ಉಳಿಯಿತು, ದುಡ್ಡೂ ಉಳಿಯಿತು.

ಹಾಗಾದರೆ ಸಾಲ ಕೊಡಬಹುದೇ? ಭೂಮಿ ಕಾಯುತ್ತದೆಂಬ ಹೆದರಿಕೆಯಿಂದ ಬೇಡವೆನ್ನಬೇಕಿಲ್ಲ. ಆದರೆ ಬಿರುಗಾಳಿಗೆ ಹಾಳೆ ಹರಿದು, ಸಾಲದ ಕಂತು ಮಾತ್ರ ಉಳಿದ ರೈತರನ್ನು ನಾವು ಕಂಡಿದ್ದೇವೆ. ವಿಮೆ ಉಂಟೋ, ನೀರು ಸಾಲುತ್ತದೋ, ಬೆಳೆದದ್ದನ್ನು ಕೊಳ್ಳುವವರಾರು ಎಂದು ಮೊದಲು ಕೇಳೋಣ.

ಅಂದು ಎದ್ದು ನಿಂತು ಕೇಳಿದ ಹಿರಿಯರಿಗೆ ನಾವು ಋಣಿಗಳು. ತಿಳಿಯದ್ದನ್ನು ನಾಚದೆ ಕೇಳುವ ಸದಸ್ಯರಿರುವ ತನಕ ಸಂಘಕ್ಕೆ ನಷ್ಟವಿಲ್ಲ.