ಯಾವ ಬಾಗಿಲಿಂದ ಬಂದಾನು?



‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?’ ಕಷ್ಟದಲ್ಲಿರುವವರಿಗೆ ಹಿರಿಯರು ಹೇಳುವ ಸಮಾಧಾನದ ಮಾತು ಇದು. ಈ ವಾರವೆಲ್ಲ ಇದೇ ಗಾದೆ ನನ್ನ ತಲೆಯಲ್ಲಿ ಸುತ್ತುತ್ತಿದೆ.

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಲಕೋಡಿಗೆ ಹೋಗಿದ್ದೆ. ಟೊಮೆಟೊ ಮಂಡಿಗೆ ಹೆಸರಾದ ಊರು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ ಆಡುವ ಸಂಸಾರಗಳು ಆ ಸೀಮೆಯಲ್ಲಿವೆ. ಅಂಥದೊಂದು ಮನೆಯ ಜಗಲಿಯಲ್ಲಿ ಕೂತಿದ್ದಾಗ, ನಗು ಬಂದಾಗಲೆಲ್ಲ ಮನೆಯಾಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಸೆರಗು ಜಾರಿದಾಗ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಂಡವು. “ನಾವು ಬೋರ್ ನೀರು ಕುಡಿದು ಬೆಳೆದೋರು ಅಣ್ಣಾ” ಎಂದರು. ಪಕ್ಕದಲ್ಲಿದ್ದ ಪುಟ್ಟ ಮಗಳು ಬಾಯ್ತುಂಬ ನಗುತ್ತಿದ್ದಳು. ಅವಳ ಹಲ್ಲು ಬೆಳ್ಳಗಿದ್ದವು.

ಆ ಸೀಮೆಯ ಬಂಡೆಯಲ್ಲೇ ಫ್ಲೋರೈಡ್ ಇದೆ. ಅದು ಅಂತರ್ಜಲದಲ್ಲಿ ಬೆರೆಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೂ ದೋಷ ಹೋಗದು. ಎಳವೆಯಲ್ಲಿ ಕುಡಿದರೆ ಹಲ್ಲಿಗೆ ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕುತ್ತು. ಊರವರು ಮಾರಿಯಮ್ಮನಿಗೆ ಹರಕೆ ಹೊತ್ತು ಬೇಡಿದ್ದು ಮಳೆಯನ್ನಂತೆ, ತಮ್ಮ ಬಾವಿ ತುಂಬಲೆಂದು.

ನೀರು ಬಂದದ್ದು ಬೇರೆ ದಾರಿಯಿಂದ. ಕೊಡಗಿನಲ್ಲಿ, ವಯನಾಡಿನಲ್ಲಿ ಸುರಿದ ಮಳೆ ಕಾವೇರಿಯಾಗಿ ಹೊಗೇನಕಲ್ಲಿಗೆ ಹರಿಯಿತು. ಅದನ್ನು ಕಣಿವೆಯಿಂದ ಮೇಲೆತ್ತುವ ಕೆಲಸಕ್ಕೆ ಜಪಾನಿನಿಂದ ಸಾಲ ಬಂತು. 2008ರಲ್ಲಿ ಆ ಯೋಜನೆಯ ಸುತ್ತ ಕರ್ನಾಟಕ, ತಮಿಳುನಾಡುಗಳ ನಡುವೆ ಜಗಳವೂ ಆಯಿತು. ಕೊನೆಗೆ 2013ರಲ್ಲಿ ಉದ್ಘಾಟನೆಯಾಗಿ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ಕೊಳವೆಯಲ್ಲಿ ಕಾವೇರಿ ಬಂದಳು.

“ಮಾರಿಯಮ್ಮ ಕೊಟ್ಟಳು” ಎಂದು ಮನೆಯಾಕೆ ಕೈಮುಗಿದರು. ಎಂಜಿನಿಯರು ಕೊಟ್ಟದ್ದಲ್ಲವೇ ಎಂದು ನೀವು ಕೇಳಬಹುದು. ನನಗೆ ಈ ಎರಡು ಮಾತುಗಳ ನಡುವೆ ಜಗಳ ಕಾಣುವುದಿಲ್ಲ. ದೇವರು ಕೆಲಸ ಮಾಡಿಸುವುದು ಮನುಷ್ಯರ ಕೈಯಿಂದಲೇ; ಆ ಕೈ ನಮ್ಮ ಗುರುತಿನದೇ ಆಗಿರಬೇಕೆಂದು ಹಟ ಹಿಡಿಯುವವರು ನಾವು. ಇಂಥದೇ ಕೆಲಸ ಸಿಗಲಿ, ಇಂಥದೇ ಸಂಬಂಧ ಕೂಡಿಬರಲಿ, ಅದೂ ಯುಗಾದಿಯೊಳಗೆ ಆಗಲಿ ಎಂದು ಬೇಡುತ್ತೇವೆ. ಹಾಗೆ ಆಗದಿದ್ದರೆ ದೇವರು ಕೈಬಿಟ್ಟ ಎನ್ನುತ್ತೇವೆ. ಗಾದೆ ನೋಡಿ, ಹುಲ್ಲು ಮೇಯಿಸಲಾರ ಎಂಬಷ್ಟೇ ಭರವಸೆ ಕೊಡುತ್ತದೆ. ಅನ್ನ ಯಾವ ಬಾಗಿಲಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾರ ಎಲೆಗೆ ಬೀಳುತ್ತದೆ ಎಂದು ಅದು ಹೇಳುವುದೇ ಇಲ್ಲ.

ಆ ತಾಯಿಯ ಹಲ್ಲಿನ ಕಲೆ ಹೋಗಲಿಲ್ಲ. ಹರಕೆ ಹೊತ್ತವರು ಒಬ್ಬರು, ಫಲ ಉಂಡದ್ದು ಆಗಿನ್ನೂ ಹುಟ್ಟಿರದ ಮಗು. ಇದು ನ್ಯಾಯವೇ ಎಂದು ನಾನಾದರೆ ಕೇಳುತ್ತಿದ್ದೆನೇನೋ. ಆಕೆ ಕೇಳಲಿಲ್ಲ. ಮಗಳ ಮುಖ ನೋಡಿ, ತಾನು ಬೇಡಿದ್ದು ಸಿಕ್ಕಿತು ಎಂದೇ ತಿಳಿದಿದ್ದಾರೆ. ನಂಬಿಕೆ ಎಂದರೆ ನನ್ನ ಮಟ್ಟಿಗೆ ಇದೇ.

ದೇವರನ್ನು ಬೇಡಿ, ಸಂಕೋಚವಿಲ್ಲದೆ ಬೇಡಿ. ಆದರೆ ಬರುವ ದಾರಿಯನ್ನು ಅವನಿಗೇ ಬಿಡಿ. ಯಾರದೋ ಮನೆಗೆ ಅವನು ನಿಮ್ಮ ಕೈಯಿಂದಲೇ ಹೋಗಬೇಕೆಂದಿದ್ದರೆ, ಇಲ್ಲ ಅನ್ನಬೇಡಿ.