ಬಯಲಿನ ಚೆಲುವು ಮತ್ತು ಬೆಳಗಿನ ರೈಲು



ಮಲೆನಾಡಿನವರಾದ ನಿಮ್ಮೆದುರು ನಿಂತು ಸೌಂದರ್ಯದ ಕುರಿತು ಮಾತನಾಡಲು ಬಯಲುಸೀಮೆಯವನಿಗೆ ತುಸು ಸಂಕೋಚವಾಗುವುದು ಸಹಜ. ನಿಮಗೆ ಕಾಡಿದೆ, ಹೊಳೆಯಿದೆ, ಮಳೆಯಿದೆ. ನಾನು ಬಂದಿರುವುದು ಬಂಗಾರಪೇಟೆಯ ಕಡೆಯಿಂದ. ಕೋಲಾರವೆಂದರೆ ಹೊರಗಿನವರಿಗೆ ನೆನಪಾಗುವುದು ಮುಚ್ಚಿಹೋದ ಚಿನ್ನದ ಗಣಿ, ಬತ್ತಿದ ಕೊಳವೆಬಾವಿ, ಟೊಮೆಟೊ ಮಂಡಿ. ತಿಂಡಿಪ್ರಿಯರಾದರೆ ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಯನ್ನೂ ಸೇರಿಸಿಯಾರು. "ಅಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆ ಮೇಲುನೋಟಕ್ಕೆ ತೋರುವಷ್ಟು ನಿರುಪದ್ರವಿಯಲ್ಲವೆಂಬುದೇ ನನ್ನ ಇಂದಿನ ಮಾತಿನ ವಿಷಯ.

2001ರ ಫೆಬ್ರವರಿ 28ರಂದು ಕೆ.ಜಿ.ಎಫ್.ನ ಗಣಿಗಳು ಮುಚ್ಚಿದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಆರಂಭಿಸಿದಂದಿನಿಂದ ತಲೆಮಾರುಗಳ ಕಾಲ ಭೂಮಿಯೊಳಗೆ ಇಳಿಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಅಂದಿನಿಂದ ರೈಲು ಹತ್ತತೊಡಗಿದರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ಜನ ನಿಂತಿರುತ್ತಾರೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಬೆಂಗಳೂರಿನ ಕಾರ್ಖಾನೆ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿದು ಕತ್ತಲಾದ ಮೇಲೆ ಮರಳುವ ಈ ಜನಕ್ಕೆ ಸ್ವಂತ ಊರು ಹಗಲಿನಲ್ಲಿ ಕಾಣುವುದು ಭಾನುವಾರ ಮಾತ್ರ.

ಆದರೆ ಈ ರೈಲಿನ ದಾರಿಯಲ್ಲಿ ಟೇಕಲ್ ಎಂಬ ಊರು ಬರುತ್ತದೆ. ಒಂದರ ಮೇಲೊಂದು ಯಾರೋ ಆನಿಸಿಟ್ಟಂತಿರುವ ಬೃಹತ್ ಬಂಡೆಗಳ ಗುಡ್ಡಗಳು ಅಲ್ಲಿವೆ. ರೈಲು ಪಶ್ಚಿಮಕ್ಕೆ ಸಾಗುವುದರಿಂದ ಸೂರ್ಯ ಬೆನ್ನ ಹಿಂದೆ ಮೂಡುತ್ತಾನೆ. ಎಳೆಬಿಸಿಲು ನೇರವಾಗಿ ಬಂಡೆಗಳ ಮುಖಕ್ಕೆ ಬೀಳುತ್ತದೆ. ಬೂದುಬಣ್ಣದ ಕಲ್ಲು ಕೆಲವು ನಿಮಿಷ ಕೆಂಬಣ್ಣಕ್ಕೆ ತಿರುಗಿ ಮತ್ತೆ ಬೂದಿಯಾಗುತ್ತದೆ. ಬಾಗಿಲಲ್ಲಿ ನೇತಾಡುತ್ತ ನಿಂತವನಿಗೆ ಇದನ್ನು ನೋಡೆಂದು ಉಪದೇಶಿಸುವ ಧೈರ್ಯ ನನಗಿಲ್ಲ. ಹಾಜರಿ ಪುಸ್ತಕದ ಕೆಂಪು ಗೆರೆ ಅವನ ಕಣ್ಣಮುಂದಿರುತ್ತದೆ. ಅವಸರ ಅವನ ಗುಣದೋಷವಲ್ಲ, ಹೊಟ್ಟೆಪಾಡು. ಆದರೂ ಆ ಸುತ್ತಲ ಸೀಮೆಯಲ್ಲಿ ಕಲ್ಲು ಗಣಿಗಾರಿಕೆ ನಡೆಯುತ್ತಿದೆ. ಒಂದು ಗುಡ್ಡ ಮಾಯವಾದರೆ, ದಿನವೂ ಅದರ ಮುಂದೆಯೇ ಹಾದುಹೋಗುವ ಸಾವಿರ ಜನರಲ್ಲಿ ಎಷ್ಟು ಮಂದಿಗೆ ಅದು ತಿಳಿದೀತು?

ಕಾಣುವುದಕ್ಕೆ ಬಿಡುವಿರಬೇಕೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಗಣಿಯ ಕಾಲದಲ್ಲಿ ಪಾಳಿಯ ಸೈರನ್ ಇಡೀ ಊರನ್ನು ಆಳುತ್ತಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಬಂಡೆ ಸಿಡಿದು ಆಗುವ ಸಾವಿನ ಭಯ ಪ್ರತಿ ಮನೆಯಲ್ಲೂ ಇತ್ತು. ಅಂಥ ಊರಿನ ಕಾರ್ಮಿಕರ 'ಲೈನ್' ಮನೆಗಳ ಕಿರಿದಾದ ಅಂಗಳಗಳಲ್ಲಿ ತಮಿಳು ಹೆಂಗಸರು ಬೆಳಗಿನ ಜಾವ ಎದ್ದು ನೀರು ಚಿಮುಕಿಸಿ ಕೋಲ ಹಾಕುತ್ತಿದ್ದರು. ಈಗಲೂ ಹಾಕುತ್ತಾರೆ. ಮಧ್ಯಾಹ್ನದೊಳಗೆ ಅಳಿಸಿಹೋಗುವ ಆ ಚುಕ್ಕಿ ಗೆರೆಗಳಿಗೆ ಬಿಡುವನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ.

ಅದೇ ಗಣಿಯೊಳಗೆ ಮತ್ತೊಂದು ಬಗೆಯ ಕಾಯುವಿಕೆಯೂ ನಡೆಯಿತು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ 2 ಕಿಲೋಮೀಟರಿಗೂ ಕೆಳಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳೊಡನೆ ಉಪಕರಣಗಳನ್ನು ಸ್ಥಾಪಿಸಿದ್ದರು. ಮೇಲಿನ ಬಂಡೆ ಬೇರೆಲ್ಲ ಕಣಗಳನ್ನು ತಡೆಯುತ್ತದೆ. ನ್ಯೂಟ್ರಿನೊ ಎಂಬ, ಯಾವುದಕ್ಕೂ ಅಂಟದ ಕಣ ಮಾತ್ರ ದಾಟಿ ಬರುತ್ತದೆ. ಅದು ಎಲ್ಲೋ ಒಮ್ಮೆ ಬಂಡೆಗೆ ಬಡಿದಾಗ ಹುಟ್ಟುವ ಕಣವು ಹಾದುಹೋದರೆ ನಿಯಾನ್ ತುಂಬಿದ ಗಾಜಿನ ನಳಿಕೆಗಳು ಕ್ಷಣಮಾತ್ರ ಹೊಳೆಯುತ್ತವೆ. ತಿಂಗಳುಗಟ್ಟಲೆ ಕಾದರೂ ಸಿಗುವುದು ಬೆರಳೆಣಿಕೆಯ ಹೊಳಪುಗಳು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಹೀಗೆ ಗುರುತಿಸಲಾಯಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಗುರುತಿಸಿದರು. ಚಿನ್ನದ ಅದಿರು ಹೊತ್ತ ಟ್ರಾಲಿಗಳ ಸದ್ದಿನ ಮಗ್ಗುಲಲ್ಲೇ ಕೆಲವರು ಒಂದು ಮಿಣುಕಿಗಾಗಿ ಕಾಯುತ್ತಿದ್ದರೆಂಬುದು ನನಗೆ ಇಂದಿಗೂ ರೋಮಾಂಚನಕಾರಿಯಾದ ಸಂಗತಿ.

ಇನ್ನು ಪೆದ್ದಪಲ್ಲಿಯ ಬಂಡೆಗಳು. ಪುರಾತನ ಜ್ವಾಲಾಮುಖಿ ಉಗುಳಿದ ಚೂರುಗಳು ಬೆಸೆದುಕೊಂಡು ಆದ ಶಿಲೆ ಅಲ್ಲಿದೆ. ನೀರಿನಡಿಯಲ್ಲಿ ತಣಿದು ದಿಂಬಿನಾಕಾರ ತಳೆದ ಲಾವಾವನ್ನೂ ಸೇರಿಸಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಈ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ದಾರಿಹೋಕನಿಗೆ ಅದು ಬರಿಯ ಕಲ್ಲು.

ಸೌಂದರ್ಯ ಮೋಸವನ್ನೂ ಮಾಡುತ್ತದೆ ಎಂಬುದನ್ನು ಹೇಳದಿದ್ದರೆ ನನ್ನ ಮಾತು ಅರ್ಧಸತ್ಯವಾದೀತು. ಕೆ.ಜಿ.ಎಫ್.ಗೆ ಬಂದವರೆಲ್ಲ ಸೈನೈಡ್ ದಿಬ್ಬಗಳನ್ನು ಏರಿ ಚಿತ್ರ ತೆಗೆಸಿಕೊಳ್ಳುತ್ತಾರೆ. 2018ರಲ್ಲಿ ತೆರೆಕಂಡ 'ಕೆ.ಜಿ.ಎಫ್.' ಚಲನಚಿತ್ರದ ಬಳಿಕ ಇದು ಹೆಚ್ಚಾಯಿತು. ಸಂಜೆಯ ಬೆಳಕಿನಲ್ಲಿ ಆ ದಿಬ್ಬಗಳು, ಮಳೆನೀರು ಕೊರೆದ ಅವುಗಳ ಕಮರಿಗಳು ನಿಜಕ್ಕೂ ಮನೋಹರ. ಆದರೆ ಅವು ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಸುರಿದ ಕಸ. ಪ್ರಮಾಣ 3 ಕೋಟಿ ಟನ್ನಿಗೂ ಹೆಚ್ಚು. ಗಾಳಿಕಾಲದಲ್ಲಿ ಆ ಧೂಳು ಅಡುಗೆಮನೆಯ ಪಾತ್ರೆಗಳ ಮೇಲೆ, ಮಕ್ಕಳ ಎದೆಯೊಳಗೆ ಇಳಿಯುತ್ತದೆ. ಒಂದು ಸಂಜೆ ನೋಡಿ ಹೋಗುವವನಿಗೆ ದಿಬ್ಬ ಚೆಂದ. ವರ್ಷವಿಡೀ ನೋಡುವವರಿಗೆ ಅದರ ಇನ್ನೊಂದು ಮುಖ ಗೊತ್ತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಇಂಥ 13 ದಿಬ್ಬಗಳನ್ನು ಮತ್ತೆ ಅಗೆದು ಚಿನ್ನ ತೆಗೆಯುವುದಕ್ಕೆ ಸಮ್ಮತಿಸಿತು. ಅಗೆತ ಆರಂಭವಾದರೆ ಧೂಳು ಎತ್ತ ಹೋಗುತ್ತದೆಂದು ಹೇಳಬಲ್ಲವರು ಈ ವರ್ಷವಿಡೀ ನೋಡುವವರೇ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಗಣಿ ಪ್ರದೇಶದ ಸುತ್ತಲಿನ ಕುರುಚಲು ಬಯಲುಗಳಲ್ಲಿ ಕೃಷ್ಣಮೃಗಗಳಿವೆ. ತಂಗಡಿ ಹೂ ಅರಳಿದ ಪೊದೆಗಳ ನಡುವೆ ಗಂಡು ಜಿಂಕೆ ಕೊಂಬು ಹಿಂದಕ್ಕೆ ಚಾಚಿ ನಿಂತ ನೋಟವನ್ನು ಕುರಿ ಕಾಯುವವರು ಬಲ್ಲರು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 1974ರಲ್ಲಿ, ಮಧುಗಿರಿಯ ಮೈದನಹಳ್ಳಿಯವಕ್ಕೆ 2007ರಲ್ಲಿ ರಕ್ಷಣೆಯ ನೆಲ ದೊರೆಯಿತು. ನಮ್ಮವಕ್ಕೆ ದೊರೆತಿಲ್ಲ. ಬೆಮೆಲ್ ಕಾರ್ಖಾನೆ ಬಳಸದೆ ಉಳಿಸಿದ್ದ ಜಮೀನಿನಲ್ಲಿ ಕೈಗಾರಿಕಾ ನಗರ ಕಟ್ಟುವ ಪ್ರಸ್ತಾಪ ಕೆಲವು ವರ್ಷಗಳಿಂದ ಇದೆ. ಕೆಲಸವಿಲ್ಲದೆ ದಿನವೂ ರೈಲು ಹತ್ತುವ ಊರಿಗೆ ಕೈಗಾರಿಕೆ ಬೇಡವೆನ್ನಲು ನಾನು ಸಿದ್ಧನಿಲ್ಲ. ಆದರೆ ಜಿಂಕೆಗಳು ಎಲ್ಲಿ ಮೇಯುತ್ತವೆ, ಯಾವ ತಿಂಗಳು ಮರಿ ಹಾಕುತ್ತವೆ, ಯಾವ ಕುಂಟೆಗೆ ನೀರಿಗೆ ಬರುತ್ತವೆ ಎಂಬುದನ್ನು ಬರೆದಿಟ್ಟವರು ಇಲ್ಲದಿದ್ದರೆ ನಕ್ಷೆಯಲ್ಲಿ ಆ ನೆಲ 'ಖಾಲಿ' ಎಂದೇ ಉಳಿಯುತ್ತದೆ.

ನಿಮ್ಮ ಕಾನು, ಬ್ಯಾಣ, ಸೊಪ್ಪಿನಬೆಟ್ಟಗಳ ಪಾಡೂ ದಾಖಲೆಯಲ್ಲಿ ಇದಕ್ಕಿಂತ ಬೇರೆಯಲ್ಲವೆಂದು ಕೇಳಿದ್ದೇನೆ. ಶಾಲೆಗೆ ನಡೆದುಹೋಗುವ ವಿದ್ಯಾರ್ಥಿಗಳು ದಾರಿಯಲ್ಲಿ ಕಂಡ ಹೂವು, ಹಕ್ಕಿ, ಒರತೆಯನ್ನು ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದರೆ, ಯಾವುದಾದರೂ ಯೋಜನೆಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ಆ ಪುಸ್ತಕವನ್ನು ಮೇಜಿನ ಮೇಲಿಡಬಹುದು. ಗೆರೆ ಹಾಕಿದ 200 ಪುಟದ ಪುಸ್ತಕ ಸಾಕು. ಮೊದಲ ಪುಟದಲ್ಲಿ ಊರಿನ ಹೆಸರು, ಸರ್ವೆ ನಂಬರು ಬರೆದುಕೊಳ್ಳಿ.