ಸೀಟು ಸಿಕ್ಕಿತು, ಈಗಲೇ ಓದಬೇಕೆ?

(ಈ ವರ್ಷ ವೈದ್ಯಕೀಯ ಕಾಲೇಜು ಸೇರಲಿರುವ ಕನ್ನಡದ ಹುಡುಗ ಹುಡುಗಿಯರ ಮುಂದೆ ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಹಲವರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಿರಿ. "ಸಾರ್, ಕ್ಲಾಸು ಶುರುವಾಗೋಕೆ ಇನ್ನೂ ದಿನ ಇದೆ. ಈಗಿನಿಂದಲೇ ಅನಾಟಮಿ ಓದಿಕೊಂಡುಬಿಡಲಾ?" ಕೇಳಿದವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಆ ಪ್ರಶ್ನೆಯೊಳಗಿನ ಹೆದರಿಕೆ ನನಗೆ ಗೊತ್ತು. ನಾನೂ ಅದನ್ನು ಹೊತ್ತುಕೊಂಡೇ ಕಾಲೇಜಿನ ಮೆಟ್ಟಿಲು ಹತ್ತಿದವನು.

ನಾನು ಮಾಡಿದ್ದು ಕೇಳಿ. ಸೀಟು ಸಿಕ್ಕ ವಾರವೇ ಅವೆನ್ಯೂ ರಸ್ತೆಗೆ ಹೋಗಿ ಚೌರಾಸಿಯಾ ಅನಾಟಮಿಯ ಹಳೇ ಪ್ರತಿ ತಂದೆ. ಎರಡು ತಿಂಗಳು ಕೈಯ ಭಾಗವನ್ನು ಉರು ಹೊಡೆದೆ. ಬ್ರೇಕಿಯಲ್ ಪ್ಲೆಕ್ಸಸ್ ಎಂದರೆ ಕತ್ತಿನಿಂದ ಕೈಗೆ ಇಳಿಯುವ ನರಗಳ ಹೆಣಿಗೆ. ಅದರ ಐದು ಬೇರು, ಮೂರು ಕಾಂಡಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ. ಡಿಸೆಕ್ಷನ್ ಹಾಲಿನಲ್ಲಿ ಹೆಣದ ಕಂಕುಳು ಬಿಡಿಸಿ ಮೇಷ್ಟ್ರು "ತೋರಿಸಪ್ಪಾ" ಅಂದರು. ನರ ಯಾವುದು, ರಕ್ತನಾಳ ಯಾವುದು, ಒಂದೂ ತಿಳಿಯಲಿಲ್ಲ. ಪುಸ್ತಕದಲ್ಲಿ ನರ ಹಳದಿ, ಅಪಧಮನಿ ಕೆಂಪು. ಫಾರ್ಮಲಿನ್ನಿನಲ್ಲಿ ನೆನೆದ ದೇಹದಲ್ಲಿ ಎಲ್ಲವೂ ಒಂದೇ ಮಣ್ಣು ಬಣ್ಣ! ಅದೇ ಪಾಠವನ್ನು ಬೆರಳಿನಿಂದ ಮುಟ್ಟಿ, ಎಳೆ ಬಿಡಿಸಿ ಕಲಿಯಲು ಒಂದು ವಾರ ಸಾಕಾಯಿತು. ಎರಡು ತಿಂಗಳ ಉರು ದಂಡ.

ಹಾಗಾಗಿ ಪಠ್ಯಪುಸ್ತಕ ಈಗ ಬೇಡ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರನ್ನೂ ಮೊದಲ ವರ್ಷ ಬುಡದಿಂದಲೇ ಕಲಿಸುತ್ತಾರೆ. ನೀಟ್‌ಗಾಗಿ ನಿದ್ದೆಗೆಟ್ಟಿದ್ದೀರಿ, ಊರಿಗೆ ಹೋಗಿ ಅಮ್ಮನ ಕೈ ಅಡುಗೆ ಉಣ್ಣಿ.

ಆದರೆ ನಿಮ್ಮ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕಾಲೇಜಿನ ಒಳಗೆ ಕಾಲಿಟ್ಟರೆ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷ್. 2022ರಲ್ಲಿ ಭೋಪಾಲದಲ್ಲಿ ಮೊದಲ ವರ್ಷದ ವೈದ್ಯಪುಸ್ತಕಗಳು ಹಿಂದಿಯಲ್ಲಿ ಬಿಡುಗಡೆಯಾದವು. ಕನ್ನಡದ ಪುಸ್ತಕ ಎಲ್ಲಿ ಎಂದು ಕೇಳುವ ಜಗಳ ದೊಡ್ಡದು, ಅದನ್ನು ಇನ್ನೊಂದು ದಿನ ಮಾಡೋಣ. ಮೊದಲ ವೈವಾದಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷ್ ವಾಕ್ಯ ಕೂಡದೆ ನಾನು ಬೆವರುತ್ತಾ ನಿಂತಿದ್ದೆ. ನೀವು ಹಾಗೆ ನಿಲ್ಲಬಾರದು.

ಅದಕ್ಕೆ ಈಗ ಮಾಡಬಹುದಾದದ್ದು ಒಂದಿದೆ. ಪದಗಳ ಬೇರು ಹಿಡಿಯಿರಿ. ವೈದ್ಯಶಾಸ್ತ್ರದ ಪದಗಳು ಬಹುಪಾಲು ಗ್ರೀಕ್, ಲ್ಯಾಟಿನ್. ಕಾನ್ವೆಂಟಿನಲ್ಲಿ ಓದಿದವರಿಗೂ ಅವು ಹೊಸವೇ! ಪೆರಿಕಾರ್ಡೈಟಿಸ್ ಎಂದರೆ ಬೆಚ್ಚಬೇಡಿ. ಪೆರಿ ಎಂದರೆ ಸುತ್ತ, ಕಾರ್ಡಿಯಾ ಎಂದರೆ ಹೃದಯ, ಐಟಿಸ್ ಎಂದರೆ ಉರಿಯೂತ. ಹೃದಯದ ಸುತ್ತಲ ಪೊರೆಗೆ ಬಂದ ಉರಿಯೂತ, ಅಷ್ಟೆ. ಆ ಪೆರಿ ನಮ್ಮ ಪರಿಧಿಯ ಪರಿಗೆ ನೆಂಟ. ಡೆಂಟಲ್‌ನೊಳಗೆ ದಂತವಿದೆ, ನೇಸಲ್‌ನೊಳಗೆ ನಾಸಿಕವಿದೆ. ಬೆನ್ನೆಲುಬಿನ ತುದಿಯ ಮೂಳೆ ಕಾಕ್ಸಿಕ್ಸ್ ಗ್ರೀಕರ ಕೋಗಿಲೆ, ಅದರ ಕೊಕ್ಕಿನಂತೆ ಕಂಡದ್ದರಿಂದ ಆ ಹೆಸರು. ಡಾ. ಡಿ. ಎಸ್. ಶಿವಪ್ಪನವರು ಇದಕ್ಕೆಂದೇ 'ವೈದ್ಯಪದಗಳ ಹುಟ್ಟು ರಚನೆ' ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದಿದ್ದಾರೆ. ಗ್ರಂಥಾಲಯದಲ್ಲಿ ಹುಡುಕಿ. ದಿನಕ್ಕೆ ಹತ್ತು ಬೇರು ಸಾಕು, ಅದರ ಜೊತೆ ಕನ್ನಡಿಯ ಮುಂದೆ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ. ನಗುವವರು ನಗಲಿ.

ಇನ್ನು ಬೆಂಗಳೂರಲ್ಲೇ ಹುಟ್ಟಿ, ಇಂಗ್ಲಿಷಿನಲ್ಲೇ ಬೆಳೆದು, "ನಮಗೇನು ತೊಂದರೆ" ಎಂದು ಕೂತಿದ್ದೀರಲ್ಲ, ನಿಮಗೆ ಒಂದು ಘಟನೆ ಹೇಳುತ್ತೇನೆ. ನಾವು ವಾರ್ಡಿಗೆ ಹೋಗತೊಡಗಿದ ಹೊಸತು. ಹಳ್ಳಿಯ ಹೆಂಗಸೊಬ್ಬಳು ನನ್ನ ಸಹಪಾಠಿಯ ಮುಂದೆ ಕೂತು, ದನಿ ತಗ್ಗಿಸಿ, "ಬಿಳಿ ಸೆರಗು ಆಗ್ತದೆ" ಅಂದಳು. ತರಗತಿಗೇ ಮೊದಲು ಬರುತ್ತಿದ್ದ ಅವನು ಆಕೆಯ ಸೀರೆಯ ಸೆರಗನ್ನು ನೋಡಿದ. ಆಕೆ ತಲೆ ತಗ್ಗಿಸಿದಳು. ಆಮೇಲೆ ಏನು ಕೇಳಿದರೂ "ಏನಿಲ್ಲ" ಅಂದಳು. ಎಷ್ಟು ದಿನ ನಾಚಿಕೆ ನುಂಗಿಕೊಂಡಿದ್ದು, ಬಸ್ಸು ಹತ್ತಿ ಬಂದಿದ್ದಳೋ! ಬಿಳಿ ಸ್ರಾವದ ಬಗ್ಗೆ ಅವನು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆಯಬಲ್ಲವನಾಗಿದ್ದ.

2019ರಲ್ಲಿ ಬಂದ ಪಠ್ಯಕ್ರಮದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ಅದು ಕೆಲವೇ ಗಂಟೆಗಳ ಮಾತು. ಈ ರಜೆಯಲ್ಲಿ ಅಜ್ಜಿಯ ಹತ್ತಿರ ಕೂತು ಕೇಳಿ: ಕಾಲು ಜೋಮು ಹಿಡಿಯುವುದು ಎಂದರೇನು, ಹೊಟ್ಟೆ ಉಬ್ಬರಕ್ಕೂ ಹೊಟ್ಟೆ ನುಲಿತಕ್ಕೂ ಏನು ವ್ಯತ್ಯಾಸ, ಧಾರವಾಡದ ಕಡೆಯವರು "ಎದಿ ಹೊಡ್ಕೊಳ್ತೈತ್ರಿ" ಅಂದರೆ ನೋವೋ ಬಡಿತವೋ? ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟದ್ದು ಇವತ್ತಿಗೂ ನನ್ನ ಮೇಜಿನ ಮೇಲಿದೆ, ಈಗಲೂ ಒಮ್ಮೊಮ್ಮೆ ಹೊಸ ಮಾತು ಸೇರುತ್ತದೆ.

ಆ ಚೌರಾಸಿಯಾ ಕೂಡ ಮನೆಯಲ್ಲೇ ಇದೆ. ಬೇಕಾದವರು ಬಂದು ಒಯ್ಯಬಹುದು, ತರಗತಿ ಶುರುವಾದ ಮೇಲೆ.